ನಾಲ್ಕನೆಯ ಕೋರಿನ ತಾಳ

ಮೇ ತಿಂಗಳ ಕೊನೆಯ ಶುಕ್ರವಾರ, ಸಂಜೆ. ಪವಾಯಿ ಕೆರೆ ದಡ ಬಿಟ್ಟು ಒಳಸರಿದು ಕೆಸರು ತೋರಿಸುತ್ತಿತ್ತು. ಉಳಿದ ನೀರಿನ ಮೇಲೆ ಅಂತರಗಂಗೆ ದಟ್ಟವಾಗಿ ಹಬ್ಬಿತ್ತು. ಮುಂಬಯಿಗೆ ಮಳೆ ಇಳಿಯಲು ಇನ್ನೂ ಹತ್ತು ಹನ್ನೆರಡು ದಿನ. ಗಾಳಿ ಕದಲುತ್ತಿರಲಿಲ್ಲ. ಜೆವಿಎಲ್‌ಆರ್ ರಸ್ತೆಯಲ್ಲಿ ಮೆಟ್ರೋ ಕಂಬಗಳ ಕೆಳಗೆ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಕಾಂಜುರ್‌ಮಾರ್ಗ್ ಸ್ಟೇಶನ್ನಿನಲ್ಲಿ ರಿಕ್ಷಾ ಹಿಡಿದಿದ್ದೆ, ನಡುದಾರಿಯಲ್ಲೇ ಇಳಿದು ನಡೆದುಬಿಟ್ಟೆ. ತಂಗಿಯ ಮನೆ ಬಾಗಿಲು ತೆರೆದಾಗ ಮೊದಲು ಕಿವಿಗೆ ಬಿದ್ದದ್ದು ಒಳಕೋಣೆಯ ಕಂಪ್ಯೂಟರಿನ ಫ್ಯಾನಿನ ಸದ್ದು. ಏರುತ್ತದೆ, ತುಸು ಇಳಿಯುತ್ತದೆ, ಮತ್ತೆ ಏರುತ್ತದೆ. ಆಮೇಲೆ ಫಕ್ಕನೆ ನಿಶ್ಶಬ್ದ.

"ಹೋಯ್ತು," ಎಂದಿತು ಒಳಗಿನಿಂದ ಅಳಿಯನ ದನಿ.

"ಅವನಿಗೆ ಊಟ ನಿದ್ರೆ ಒಂದೂ ಇಲ್ಲ ಅಣ್ಣ. ಆ ಡಬ್ಬದ ಮುಂದೆಯೇ ಕೂತಿರುವುದು. ನೀನಾದರೂ ಒಮ್ಮೆ ನೋಡು," ಎಂದಳು ತಂಗಿ, ಮಜ್ಜಿಗೆಯ ಲೋಟ ಕೈಗಿಡುತ್ತಾ.

ಭಾವ ಬ್ರಹ್ಮಾವರದ ಕಡೆಯವರು. ಹಗಲು ಕಚೇರಿ, ಬಿಡುವಿನಲ್ಲಿ ಮದ್ದಳೆ. ಅವರ ಹವ್ಯಾಸಿ ಯಕ್ಷಗಾನ ತಂಡ ಜನವರಿಯಲ್ಲಿ 'ದೇವಿ ಮಹಾತ್ಮೆ' ಆಡಿತ್ತು. ಮೂರು ಕ್ಯಾಮೆರಾ ಇಟ್ಟು ಅದನ್ನು ಚಿತ್ರೀಕರಿಸಿದವನು ಮಗ. ಈಗ ಅದನ್ನೆಲ್ಲ ಒಂದು ಮಾಡಿ ಮುಂದಿನ ಭಾನುವಾರದೊಳಗೆ ತಂಡದವರ ಕೈಗೆ ಕೊಡಬೇಕು. ಆದರೆ ವಿಡಿಯೊ ರೆಂಡರ್ ಆಗುತ್ತಿದ್ದಂತೆ ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಯಂತ್ರ ಕೈಬಿಡುತ್ತಿತ್ತು. ಒಮ್ಮೆ ಬ್ಲೂ ಸ್ಕ್ರೀನ್, ಒಮ್ಮೆ ತಾನಾಗಿ ರೀಸ್ಟಾರ್ಟ್, ಒಮ್ಮೆ ಎಲ್ಲ ಹೆಪ್ಪುಗಟ್ಟಿ ಮೌಸ್ ಕೂಡ ಅಲುಗದ ಸ್ಥಿತಿ.

ಆರು ಕೋರ್‌ಗಳ ಪ್ರೊಸೆಸರ್. ಕಾರ್ಖಾನೆಯ ಲೆಕ್ಕದಲ್ಲಿ ಆರೂ ಒಟ್ಟಿಗೆ ದುಡಿಯುವಾಗ 4.3 ಗಿಗಾಹರ್ಟ್ಸ್ ವೇಗ. ಹುಡುಗ ಅದನ್ನು ಬಯೋಸ್‌ನಲ್ಲಿ 5.0ಕ್ಕೆ ಏರಿಸಿದ್ದ: ಮೂಲ ಗಡಿಯಾರ 100 ಮೆಗಾಹರ್ಟ್ಸ್, ಮಲ್ಟಿಪ್ಲೈಯರ್ 50, ವೋಲ್ಟೇಜ್ 1.38. "ಡಿಸೆಂಬರಿನಲ್ಲಿ ಎಂಟು ಗಂಟೆ ಟೆಸ್ಟ್ ಓಡಿಸಿದ್ದೆ ಮಾಮ. ಪಾಸಾಗಿತ್ತು," ಎಂದ. ಸುಳ್ಳು ಹೇಳುವ ಹುಡುಗನಲ್ಲ.

ನನ್ನನ್ನು ಕಾಡಿದ್ದು ಯಂತ್ರ ಕೈಕೊಟ್ಟ ಸಂಗತಿಗಿಂತ, ಕೈಕೊಡದೆ ಮುಗಿಸಿದ ಒಂದು ತುಣುಕು. ಮಹಿಷಾಸುರ ಸಭೆಯ ನಡುವಿನಿಂದ ಅಬ್ಬರಿಸುತ್ತಾ ಬರುವ ದೃಶ್ಯ ಅದು. ಬಣ್ಣದ ವೇಷದ ಮುಖ ಪರದೆ ತುಂಬಿದಾಗ, ಗಂಟೆಗಟ್ಟಲೆ ಕುಳಿತು ಇಟ್ಟ ಬಿಳಿ ಚಿಟ್ಟಿಗಳ ಮೇಲೆ ಒಂದೇ ಕ್ಷಣ ಹಸಿರು ಚೌಕಗಳು ಚದುರಿ ಬಿದ್ದವು. ಮರುಕ್ಷಣ ಇಲ್ಲ. ಮತ್ತೆ ಹಿಂದೆ ಹೋಗಿ ನಿಲ್ಲಿಸಿ ನೋಡಿದೆ: ಎಡಗಣ್ಣಿನಿಂದ ಕಿವಿಯವರೆಗೆ ಮುಖವೇ ಇಲ್ಲ. ಮೂಲ ಚಿತ್ರೀಕರಣದಲ್ಲಿ ಅದೇ ಚೌಕಟ್ಟು ಸ್ವಚ್ಛವಾಗಿತ್ತು. ಲೆಕ್ಕ ತಪ್ಪಿದ್ದು ಈ ಮೇಜಿನ ಕೆಳಗೆ. ತಪ್ಪಿದ್ದು ಗೊತ್ತಾಗದೆ ಮುಂದೆ ಹೋಗಿಬಿಟ್ಟಿತ್ತು. ನಿಂತುಹೋಗುವ ಯಂತ್ರವನ್ನು ನಾನು ಕ್ಷಮಿಸಬಲ್ಲೆ. ತಪ್ಪು ಉತ್ತರವನ್ನು ಸರಿಯೆಂದು ಒಪ್ಪಿಸುವ ಯಂತ್ರಕ್ಕೆ ಹೆದರುತ್ತೇನೆ. ಇಂಥದ್ದರಲ್ಲಿ ಯಾರದೋ ಮದುವೆಯ ಫೋಟೊ, ಯಾರದೋ ಪ್ರಬಂಧದ ಲೆಕ್ಕ ಎಷ್ಟೋ ದಿನ ಕೆಟ್ಟಿದ್ದರೂ ತಿಳಿಯದು.

ಹಾಗೇಕಾಗುತ್ತದೆ ಎಂದು ಭಾವನಿಗೆ ಹೇಳಲು ಅವರ ಮದ್ದಳೆಯೇ ನೆರವಿಗೆ ಬಂತು. ಪ್ರೊಸೆಸರಿನ ಗಡಿಯಾರವೆಂದರೆ ಭಾಗವತರ ಕೈಯ ತಾಳ. ಒಂದು ಪೆಟ್ಟಿನಿಂದ ಮುಂದಿನ ಪೆಟ್ಟಿನೊಳಗೆ ಪ್ರತಿ ಸಂಕೇತವೂ ತನ್ನ ಜಾಗ ಸೇರಿರಬೇಕು. 5 ಗಿಗಾಹರ್ಟ್ಸ್‌ನಲ್ಲಿ ಎರಡು ಪೆಟ್ಟುಗಳ ನಡುವೆ ಇರುವುದು 200 ಪಿಕೊಸೆಕೆಂಡ್. ಅಷ್ಟರಲ್ಲಿ ಬೆಳಕೇ ಆರು ಸೆಂಟಿಮೀಟರ್ ದಾಟೀತು. ಏರು ಪದ್ಯದಲ್ಲಿ ನಡೆ ಜೋರಾದಂತೆ ಎಲ್ಲರ ಹೆಜ್ಜೆಯೂ ಬೀಳುತ್ತಿರುತ್ತದೆ, ಒಬ್ಬ ವೇಷಧಾರಿಯ ಕಾಲು ಮಾತ್ರ ಕೂದಲೆಳೆಯಷ್ಟು ತಡ. ಚೆಂಡೆ ಅವನಿಗಾಗಿ ಕಾಯುವುದಿಲ್ಲ. ಸಂಕೇತ ತಡವಾದರೆ ಪ್ರೊಸೆಸರಿನಲ್ಲೂ ಅಷ್ಟೆ: ಒಂದರ ಜಾಗದಲ್ಲಿ ಸೊನ್ನೆ ಕೂತುಬಿಡುತ್ತದೆ. ವೋಲ್ಟೇಜ್ ಏರಿಸಿದರೆ ಕಾಲು ಚುರುಕಾಗುತ್ತದೆ, ಮೈ ಬಿಸಿಯೂ ಏರುತ್ತದೆ. ಬಿಸಿ ಏರಿದರೆ ಕರೆಂಟ್ ಸೋರುವುದು ಹೆಚ್ಚು, ಅದರಿಂದ ಮತ್ತಷ್ಟು ಬಿಸಿ, ಅದನ್ನು ತಾಳಿಕೊಳ್ಳಲು ಮತ್ತೆ ವೋಲ್ಟೇಜ್. ಹುಡುಗ ಎರಡು ವಾರದಿಂದ ಸುತ್ತುತ್ತಿದ್ದದ್ದು ಈ ಗಾಣದಲ್ಲಿ.

"ಅಂದರೆ ಕಂಪನಿಯವರು 4.3ಕ್ಕೆ ನಿಲ್ಲಿಸಿದ್ದು ಸುಮ್ಮನೆ ಅಲ್ಲ," ಎಂದರು ಭಾವ. ಸುಮ್ಮನೆ ಅಲ್ಲ. ಚಿಪ್ ಮಾಡುವವರು ಬಿರುಬೇಸಿಗೆಯನ್ನೂ ಕುಗ್ಗಿದ ವೋಲ್ಟೇಜನ್ನೂ ವರ್ಷಗಟ್ಟಲೆ ಸವೆಯುವುದನ್ನೂ ಲೆಕ್ಕ ಹಿಡಿದು ಒಂದಿಷ್ಟು ಅವಕಾಶ ಉಳಿಸಿಯೇ ವೇಗ ಗೊತ್ತುಮಾಡುತ್ತಾರೆ. ಇದೇ ಕೆರೆಯ ಆಚೆ ದಡದ ಐಐಟಿಯಲ್ಲಿ 'ಅಜಿತ್' ಎಂಬ ಪ್ರೊಸೆಸರ್ ರೂಪುಗೊಂಡು, ಚಂಡೀಗಢದ ಪಕ್ಕದ ಮೊಹಾಲಿಯಲ್ಲಿ ತಯಾರಾಗಿ, 2019ರಲ್ಲಿ ಸುದ್ದಿಯಾಯಿತು. ಅದನ್ನು ಮಾಡಿದವರಿಗೂ ಈ ಲೆಕ್ಕದಿಂದ ಬಿಡುಗಡೆ ಇದ್ದಿರಲಾರದು. ಓವರ್‌ಕ್ಲಾಕ್ ಮಾಡುವವನು ಆ ಉಳಿಸಿದ ಅವಕಾಶವನ್ನು ಖರ್ಚುಮಾಡುತ್ತಾನೆ. ಅದರಲ್ಲಿ ತಪ್ಪೇನಿಲ್ಲ, ನನಗೂ ಇಷ್ಟದ ಕೆಲಸವೇ. ಎಷ್ಟು ಖರ್ಚಾಯಿತೆಂದು ಬರೆದಿಡಬೇಕು.

ಬರೆದಿಟ್ಟಿರಲಿಲ್ಲ. ತಂಗಿಯಿಂದ ಹಳೆಯ ಡೈರಿಯೊಂದನ್ನು ಇಸಿದುಕೊಂಡು ಗೆರೆ ಎಳೆದೆ: ಮಲ್ಟಿಪ್ಲೈಯರ್, ವೋಲ್ಟೇಜ್, ಕೋಣೆಯ ಬಿಸಿ, ಕೋರಿನ ಬಿಸಿ, ಏನಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಎಂದು ಮಾತಾಯಿತು. ಗೋಡೆಯ ಥರ್ಮಾಮೀಟರ್ 34 ತೋರಿಸುತ್ತಿತ್ತು. ಡಿಸೆಂಬರಿನ ಆ ರಾತ್ರಿ ಇದೇ ಕೋಣೆ 23ರ ಆಸುಪಾಸು ಇದ್ದಿರಬೇಕು. ಕೋಣೆ ಹತ್ತು ಡಿಗ್ರಿ ಏರಿದರೆ ಕೋರೂ ಸುಮಾರು ಹತ್ತು ಡಿಗ್ರಿ ಏರುತ್ತದೆ. ಕೂಲರ್ ಎಷ್ಟೇ ದೊಡ್ಡದಿರಲಿ, ಅದು ತಣಿಸುವುದು ಕೋಣೆಯ ಗಾಳಿಯಿಂದಲೇ.

ಆ ರಾತ್ರಿ ಬಯೋಸನ್ನು ಕಾರ್ಖಾನೆಯ ಲೆಕ್ಕಕ್ಕೆ ಮರಳಿಸಿ ರೆಂಡರ್ ಬಿಟ್ಟೆವು. ಬೆಳಗಾಗುವ ತನಕ ಒಂದು ಕೊಂಕೂ ಇಲ್ಲ. ಅಲ್ಲಿಗೆ ಎಸ್‌ಎಂಪಿಎಸ್, ಡಿಸ್ಕ್, ವಿಂಡೋಸ್ ಮೇಲಿನ ಅನುಮಾನ ಬಹುಮಟ್ಟಿಗೆ ಹರಿಯಿತು. ಶನಿವಾರ ಹಗಲು ರ‍್ಯಾಮ್ ಒಂದನ್ನೇ ಅದರ ಹೆಚ್ಚಿನ ವೇಗಕ್ಕೆ ಇಟ್ಟು ಮೆಮ್‌ಟೆಸ್ಟ್ ಓಡಿಸಿದೆವು, ನಾಲ್ಕು ಸುತ್ತು. ಅದೂ ನಿರ್ದೋಷಿ. ಆಮೇಲೆ 5.0ಕ್ಕೆ ಏರಿಸಿ ಪ್ರೈಮ್95 ಬಿಟ್ಟೆ.

ಈ ತಂತ್ರಾಂಶವನ್ನು ಕಂಡರೆ ನನಗೆ ಗೌರವ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳ ಹುಡುಕಾಟಕ್ಕಾಗಿ ಹುಟ್ಟಿದ್ದು ಅದು. ಬೃಹತ್ ಸಂಖ್ಯೆಗಳನ್ನು ದಶಮಾಂಶಗಳ ದಾರಿಯಲ್ಲಿ ಗುಣಿಸುತ್ತದೆ. ಕೊನೆಗೆ ಉತ್ತರ ಯಾವುದಾದರೊಂದು ಪೂರ್ಣಾಂಕಕ್ಕೆ ತೀರ ಹತ್ತಿರ ಬಂದು ನಿಲ್ಲಲೇಬೇಕು. ಎರಡು ಪೂರ್ಣಾಂಕಗಳ ನಟ್ಟನಡುವೆ ನಿಂತರೆ ಎಲ್ಲೋ ಗುಣಾಕಾರ ಕೆಟ್ಟಿತೆಂದೇ ಅರ್ಥ. ಕೆಟ್ಟ ಕೂಡಲೇ ಕೂಗಿ ಹೇಳುತ್ತದೆ. 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್‌ಗಳ ಒಂದು ದೋಷ ಬಯಲಿಗೆ ಬಂದದ್ದೂ ಈ ಹುಡುಕಾಟದವರ ಕೈಯಲ್ಲೇ. ನಮ್ಮಲ್ಲಿ ಇಪ್ಪತ್ತಾರನೆಯ ನಿಮಿಷಕ್ಕೆ ತಪ್ಪಿನ ಸಾಲು ಬಂತು: ಶೇಷ 0.5, ಇರಬೇಕಾದದ್ದು 0.4ಕ್ಕಿಂತ ಕಡಿಮೆ. ಕೋರ್‌ಗಳ ಬಿಸಿ 97. ನೂರಕ್ಕೆ ಮುಟ್ಟಿದರೆ ಪ್ರೊಸೆಸರ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ.

ವಿಂಡೋಸಿನ ಈವೆಂಟ್ ಲಾಗ್ ತೆರೆದು ಹಿಂದಿನ ಎರಡು ವಾರದ ಸಾಲುಗಳನ್ನು ಓದುತ್ತಾ ಹೋದೆವು. ಹಾರ್ಡ್‌ವೇರ್ ತಪ್ಪಿನ ಎಚ್ಚರಿಕೆಗಳು ಹತ್ತಾರು ಇದ್ದವು, ಎಲ್ಲವೂ ತಿದ್ದಿಕೊಂಡ ಸಣ್ಣ ತಪ್ಪುಗಳು. ಹುಡುಗ ಅವನ್ನು ಎಂದೂ ತೆರೆದು ನೋಡಿರಲಿಲ್ಲ. ಪ್ರತಿ ಎಚ್ಚರಿಕೆಯ ಕೆಳಗೆ ಪ್ರೊಸೆಸರಿನ ಗುರುತಿನ ಸಂಖ್ಯೆ. ಅವನೇ ಬೆರಳಿಟ್ಟು ಓದತೊಡಗಿದ. "ಆರು... ಏಳು... ಆರು... ಆರು... ಏಳು." ಪ್ರತಿ ಕೋರಿಗೆ ಎರಡು ಸಂಖ್ಯೆ, ಎಣಿಕೆ ಸೊನ್ನೆಯಿಂದ. ಆರು ಮತ್ತು ಏಳು ಎಂದರೆ ನಾಲ್ಕನೆಯ ಕೋರ್. ಐದು ಜನ ಸರಿಯಾಗಿ ಕುಣಿಯುತ್ತಿದ್ದರು. ಹಸಿರು ಚೌಕಗಳೂ ಆ ನಾಲ್ಕನೆಯವನದೇ ಇದ್ದಿರಬೇಕು. ಒಂದೇ ಸಿಲಿಕಾನ್ ತುಂಡಿನಲ್ಲಿ ಒಟ್ಟಿಗೆ ಹುಟ್ಟಿದ ಆರರಲ್ಲೂ ಒಂದರ ಕಾಲು ತುಸು ಭಾರ.

ಭಾನುವಾರ ಬೆಳಗ್ಗೆ ಕ್ಯಾಬಿನೆಟ್ ಬಿಚ್ಚಿದೆವು. ಮುಂದಿನ ಜಾಲರಿಯ ಮೇಲೆ ರಸ್ತೆಯ ಧೂಳು ಬೂದು ಕಂಬಳಿಯಂತೆ ಕೂತಿತ್ತು. ಉಗುರಿನಿಂದ ಎತ್ತಿದರೆ ಹಾಳೆಯಾಗಿ ಎದ್ದು ಬಂತು. ಕೂಲರ್ ಅಲುಗಿಸಿ ಎತ್ತಿದಾಗ ಅದರಡಿಯ ಥರ್ಮಲ್ ಪೇಸ್ಟ್ ಸಾಣೆಕಲ್ಲಿನ ಮೇಲೆ ಮರೆತುಬಿಟ್ಟ ಗಂಧದ ಹಾಗೆ ಒಣಗಿ ಬಿರುಕುಬಿಟ್ಟಿತ್ತು. ಒಂದು ಮೂಲೆಯಲ್ಲಿ ಬರೀ ಲೋಹ ಹೊಳೆಯುತ್ತಿತ್ತು. ಹುಡುಗ ಹಿಂದಿನ ದಿನವೇ ಅಂಧೇರಿಯಿಂದ ಲೋಕಲ್ ಹಿಡಿದು ಗ್ರ್ಯಾಂಟ್ ರೋಡ್‌ನಲ್ಲಿಳಿದು, ಲ್ಯಾಮಿಂಗ್ಟನ್ ರೋಡಿನ ಅಂಗಡಿಯಿಂದ ಹೊಸ ಪೇಸ್ಟ್ ತಂದಿದ್ದ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಹಳೆಯದನ್ನು ಒರೆಸಿದ. ಬೆವರಿನ ಹನಿ ಮದರ್‌ಬೋರ್ಡಿನ ಮೇಲೆ ಬೀಳದಿರಲೆಂದು ತಂಗಿ ಅವನ ಹಣೆಗೆ ಟವೆಲ್ ಕಟ್ಟಿದಳು. ತೊಗರಿಕಾಳಿನಷ್ಟು ಪೇಸ್ಟ್ ನಡುವೆ ಇಟ್ಟು, ಕೂಲರ್ ನೇರ ಇಳಿಸಿ, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದ. ಅವನ ಕೈ ನಡುಗಲಿಲ್ಲ.

ಅದರಿಂದ ಒಂಬತ್ತು ಡಿಗ್ರಿ ಇಳಿಯಿತು. ಆದರೂ 5.0ರಲ್ಲಿ ನಾಲ್ಕನೆಯ ಕೋರ್ ಒಂದೂವರೆ ಗಂಟೆಗೆ ಮತ್ತೆ ಎಡವಿತು. ಬಯೋಸ್‌ನಲ್ಲಿ 1.38 ಎಂದು ಬರೆದಿದ್ದರೂ ಭಾರ ಬಿದ್ದಾಗ ಕೋರಿಗೆ ದಕ್ಕುತ್ತಿದ್ದದ್ದು 1.31. "ಇನ್ನೊಂಚೂರು ವೋಲ್ಟೇಜ್?" ಎಂದು ಕೇಳಿದ. ಡೈರಿಯ ಹಿಂಬದಿಯಲ್ಲಿ ಲೆಕ್ಕ ಮಾಡಿ ತೋರಿಸಿದೆ. ಪ್ರೊಸೆಸರ್ ಕುಡಿಯುವ ವಿದ್ಯುತ್ ವೇಗದ ಜೊತೆಗೆ ಅದೇ ಪ್ರಮಾಣದಲ್ಲಿ ಏರುತ್ತದೆ, ವೋಲ್ಟೇಜಿನ ಜೊತೆಗೆ ವರ್ಗದ ಪ್ರಮಾಣದಲ್ಲಿ. 5.0ರಿಂದ 4.8ಕ್ಕೆ, 1.38ರಿಂದ 1.27ಕ್ಕೆ ಇಳಿದರೆ ಕಳೆದುಕೊಳ್ಳುವ ವೇಗ ನೂರಕ್ಕೆ ನಾಲ್ಕು. ಉಳಿತಾಯವಾಗುವ ವಿದ್ಯುತ್ ನೂರಕ್ಕೆ ಹತ್ತೊಂಬತ್ತರ ಹತ್ತಿರ. ಅವನು ಬಹಳ ಹೊತ್ತು ಆ ಅಂಕಿಗಳನ್ನು ನೋಡಿದ. ಐದು ಎಂಬ ಸಂಖ್ಯೆಯನ್ನು ಗೆಳೆಯರಿಗೆಲ್ಲ ಹೇಳಿಯಾಗಿತ್ತು. ಆಮೇಲೆ ತಾನೇ ಬಯೋಸ್ ತೆರೆದು 48 ಒತ್ತಿದ.

ಸಂಜೆಯಿಂದ ರಾತ್ರಿ ಮೂರರವರೆಗೆ ಪ್ರೈಮ್95. ಒಂದೂ ತಪ್ಪಿನ ಸಾಲಿಲ್ಲ. ಲಾಗ್ ಖಾಲಿ. ಆಮೇಲೆ ರೆಂಡರ್. ಫ್ಯಾನಿನ ದನಿ ಏರಿಳಿಯದೆ ಒಂದೇ ಶ್ರುತಿಯಲ್ಲಿ ನಿಂತಿತ್ತು. ಕಿಟಕಿಯಾಚೆ ಕೆರೆಯ ಮೇಲೆ ಬೆಳಕು ಹರಿಯುವ ಹೊತ್ತಿಗೆ ಭಾವ ಎದ್ದು ಬಂದು ಮಗನ ಹಿಂದೆ ನಿಂತರು. ಮಹಿಷ ಬಂದ. ಮುಖ ಪರದೆ ತುಂಬಿತು. ಹುಡುಗ ನಿಲ್ಲಿಸಿ, ಒಂದೊಂದೇ ಚೌಕಟ್ಟು ಸರಿಸಿದ: ಚಿಟ್ಟಿಯ ಪ್ರತಿ ಮುಳ್ಳೂ ತನ್ನ ಜಾಗದಲ್ಲಿತ್ತು. ಮತ್ತೆ ಓಡಬಿಟ್ಟಾಗ ಭಾವನ ಬೆರಳುಗಳು ಕುರ್ಚಿಯ ಬೆನ್ನ ಮೇಲೆ ಮದ್ದಳೆಯ ಜೊತೆ ಬೀಳುತ್ತಿದ್ದವು.

ಹುಡುಗ ಡೈರಿ ಎಳೆದುಕೊಂಡು ಬರೆದ: 48, 1.27, ಕೋಣೆ 33, ಕೋರ್ 81, ತಪ್ಪಿಲ್ಲ. ಸ್ವಲ್ಪ ತಡೆದು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ: ಅಕ್ಟೋಬರ್ ಸೆಕೆಯಲ್ಲಿ ಮತ್ತೆ ಟೆಸ್ಟ್, ಮೊದಲು ಜಾಲರಿ ತೊಳೆಯುವುದು.