ಗೆಲುವಿನ ಲೆಕ್ಕಕ್ಕೆ ಸಿಗದ ಪಿಚರ್

ಈಗ ಆಡುತ್ತಿರುವ ಬೇಸ್‌ಬಾಲ್ ಆಟಗಾರರಲ್ಲಿ ಹಾಲ್ ಆಫ್ ಫೇಮ್ ಸೇರಲು ಯೋಗ್ಯರು ಯಾರು ಎಂಬ ಚರ್ಚೆಗೆ ಅಮೆರಿಕದಲ್ಲಿ ಬಿಡುವೇ ಇಲ್ಲ. ಕೆಲವರ ವಿಷಯದಲ್ಲಿ ಈ ಚರ್ಚೆ ಬರೀ ಬಾಯಿಚಪಲ. ಮೈಕ್ ಟ್ರೌಟ್ ಮೂರು ಬಾರಿ ಲೀಗ್‌ನ ಅತ್ಯಮೂಲ್ಯ ಆಟಗಾರರಾದವರು, 400 ಹೋಮ್ ರನ್ ದಾಟಿದವರು. ಶೊಹೈ ಒಹ್ಟಾನಿ ಅದೇ ಪ್ರಶಸ್ತಿಯನ್ನು ನಾಲ್ಕು ಬಾರಿ ಗೆದ್ದಿದ್ದಾರೆ. ಕನಿಷ್ಠ ಹತ್ತು ಋತು ಆಡಿರಬೇಕೆಂಬ ನಿಯಮಕ್ಕಾಗಿ 2027ರವರೆಗೆ ಕಾಯುವುದಷ್ಟೇ ಬಾಕಿ. ಚೆಂಡು ಎಸೆಯುವ ಪಿಚರ್‌ಗಳಲ್ಲಿ ಜಸ್ಟಿನ್ ವರ್ಲ್ಯಾಂಡರ್ 2025ರ ಕೊನೆಗೆ 266 ಗೆಲುವುಗಳೊಂದಿಗೆ ನಿಂತಿದ್ದರು, ಮ್ಯಾಕ್ಸ್ ಶೆರ್ಜರ್ ಬಳಿ ವರ್ಷದ ಅತ್ಯುತ್ತಮ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಮೂರಿವೆ. ಇವರ ಕಂಚಿನ ಫಲಕಕ್ಕೆ ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನ ಗೋಡೆಯಲ್ಲಿ ಈಗಲೇ ಜಾಗ ಗುರುತು ಮಾಡಿಡಬಹುದು. ನಿಜವಾದ ಪೇಚು ಜೇಕಬ್ ಡಿಗ್ರಾಮ್ ಅವರದು. ಅದೇ 2025ರ ಕೊನೆಗೆ ಅವರ ಗೆಲುವು ಬರೀ 96. ಆದರೂ ಅವರು ಒಳಗೆ ಹೋಗಬೇಕು ಎಂಬುದು ನನ್ನ ವಾದ.

ಮೊದಲು ಈ ‘ಗೆಲುವು’ ಎಂಬುದೇನೆಂದು ನೋಡೋಣ. ಬೇಸ್‌ಬಾಲ್‌ನಲ್ಲಿ ಪಂದ್ಯದ ಗೆಲುವು-ಸೋಲನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ. ಪಂದ್ಯ ಆರಂಭಿಸಿದ ಪಿಚರ್ ಐದು ಇನಿಂಗ್ಸ್ ಮುಗಿಸಿರಬೇಕು, ತಂಡ ಮುಂದಿರುವಾಗ ಮೈದಾನ ಬಿಟ್ಟಿರಬೇಕು, ಆಮೇಲೆ ಬಂದವರು ಆ ಮುನ್ನಡೆಯನ್ನು ಕಳೆದುಕೊಳ್ಳಬಾರದು. ಕ್ರಿಕೆಟ್‌ನಲ್ಲಿ ಆರು ವಿಕೆಟ್ ಕಿತ್ತ ಬೌಲರ್‌ನ ಹೆಸರಿನ ಮುಂದೆ, ತನ್ನ ತಂಡದ ಬ್ಯಾಟರ್‌ಗಳು 90ಕ್ಕೆ ಉರುಳಿದ್ದಕ್ಕೆ ‘ಸೋಲು’ ಎಂದು ಬರೆದರೆ ಹೇಗಿರುತ್ತದೋ ಹಾಗೆ. 2018ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪರ ಆಡುತ್ತಿದ್ದ ಡಿಗ್ರಾಮ್‌ಗೆ ಆಗಿದ್ದೂ ಇದೇ. 32 ಪಂದ್ಯ ಆರಂಭಿಸಿದರು, 217 ಇನಿಂಗ್ಸ್ ಎಸೆದರು, 269 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು, ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಟ್ಟಿದ್ದು 1.70 ರನ್. ಏಳನೇ ಇನಿಂಗ್ಸ್‌ವರೆಗೆ ಎದುರಾಳಿಯನ್ನು ಕಟ್ಟಿಹಾಕಿ ಬಂದು ಕೂತರೂ ಸ್ಕೋರ್ ಫಲಕದಲ್ಲಿ ಮೆಟ್ಸ್ ಹೆಸರಿಗೆ ಹೆಚ್ಚು ರನ್ ಇರುತ್ತಿರಲಿಲ್ಲ. ವರ್ಷದ ಕೊನೆಗೆ ಅವರ ಖಾತೆಯಲ್ಲಿ 10 ಗೆಲುವು, 9 ಸೋಲು. ಆ ವರ್ಷದ ಸೈ ಯಂಗ್ ಪ್ರಶಸ್ತಿಗೆ ಮತ ಹಾಕಿದ 30 ಬರಹಗಾರರಲ್ಲಿ 29 ಮಂದಿ ಅವರನ್ನೇ ಮೊದಲ ಸ್ಥಾನಕ್ಕೆ ಬರೆದರು. ಮರುವರ್ಷ 11 ಗೆಲುವು; ಮತ್ತೆ 29 ಮೊದಲ ಮತ.

ನನ್ನ ವಾದ ನಿಂತಿರುವುದು ಈ 29ರ ಮೇಲೆ. ಸೈ ಯಂಗ್‌ಗೆ ಮತ ಹಾಕುವುದು ಯಾವ ಬೇಸ್‌ಬಾಲ್ ಬರಹಗಾರರ ಸಂಘವೋ, ಹಾಲ್ ಆಫ್ ಫೇಮ್‌ಗೆ ಆರಿಸುವುದೂ ಅದೇ ಸಂಘದ ಹಿರಿಯ ಸದಸ್ಯರು. ಶೇ 75 ಮತ ಬಿದ್ದರೆ ಪ್ರವೇಶ. ನವೆಂಬರ್‌ನಲ್ಲಿ ‘ಗೆಲುವಿನ ಸಂಖ್ಯೆ ಪಿಚರ್‌ನ ಕೈಲಿಲ್ಲ’ ಎಂದು ತೀರ್ಪು ಕೊಟ್ಟವರು, ಹಾಲ್‌ನ ಮತಪತ್ರ ಕೈಗೆ ಬಂದಾಗ ‘ಇವನಿಗೆ ನೂರೂ ಇಲ್ಲವಲ್ಲ’ ಎಂದು ಮೂಗು ಮುರಿಯುವುದು ಯಾವ ನ್ಯಾಯ?

ಗೆಲುವು ಬಿಡಿ, ಇನಿಂಗ್ಸ್ ಎಲ್ಲಿ ಎಂದು ಕೇಳುವವರಿದ್ದಾರೆ. ಇದು ಗಟ್ಟಿ ಆಕ್ಷೇಪ, ತಳ್ಳಿಹಾಕುವಂಥದ್ದಲ್ಲ. 2021ರಿಂದ 2024ರವರೆಗೆ ನಾಲ್ಕು ಋತುಗಳಲ್ಲಿ ಅವರು ಆರಂಭಿಸಿದ್ದು 15, 11, 6, 3 ಪಂದ್ಯ. ಎಲ್ಲ ಸೇರಿ ಆರೋಗ್ಯವಂತ ಪಿಚರ್ ಒಬ್ಬನ ಒಂದು ವರ್ಷದ ದುಡಿಮೆ. ನಡುವೆ ಮೊಣಕೈಗೆ ಎರಡನೇ ಸಲ ಟಾಮಿ ಜಾನ್ ಶಸ್ತ್ರಚಿಕಿತ್ಸೆ. ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್ ಫೀಲ್ಡರ್ ಆಗಿದ್ದವರು ಪಿಚರ್ ಆದದ್ದೇ ತಡವಾಗಿ. ದೊಡ್ಡ ಲೀಗ್‌ಗೆ ಬರುವಾಗ 26 ತುಂಬಲು ತಿಂಗಳು ಬಾಕಿ. ಇಂಥವರ ಪರ ವಾದಿಸುವವರೆಲ್ಲ ಸ್ಯಾಂಡಿ ಕೂಫ್ಯಾಕ್ಸ್ ಅವರನ್ನು ಸಾಕ್ಷಿಗೆ ಕರೆಯುತ್ತಾರೆ. 30ನೇ ವಯಸ್ಸಿಗೇ ನಿವೃತ್ತರಾಗಿ, 165 ಗೆಲುವಿನಲ್ಲೇ 1972ರಲ್ಲಿ ಆಯ್ಕೆಯಾದವರು ಅವರು. ಆದರೆ ಈ ಸಾಕ್ಷಿಯಿಂದ ಡಿಗ್ರಾಮ್‌ಗೆ ಪೂರಾ ಲಾಭವಿಲ್ಲ. ಕೂಫ್ಯಾಕ್ಸ್ ಕೊನೆಯ ಎರಡು ವರ್ಷಗಳಲ್ಲಿ ತಲಾ 27 ಪಂದ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಎಸೆದು ಮುಗಿಸಿದ್ದರು. ವೃತ್ತಿಯುದ್ದಕ್ಕೂ ಅವರದು 2,300ಕ್ಕೂ ಹೆಚ್ಚು ಇನಿಂಗ್ಸ್, ಡಿಗ್ರಾಮ್ ಅವರದು 2025ರ ಕೊನೆಗೆ 1,500ರ ಆಸುಪಾಸು.

ಆದರೆ ಕೆಲಸದ ಸ್ವರೂಪವೇ ಬದಲಾಗಿದೆ ಎಂಬುದನ್ನು ಈ ಹೋಲಿಕೆ ಮರೆಮಾಚುತ್ತದೆ. 2025ರಲ್ಲಿ ಇಡೀ ಲೀಗ್‌ನಲ್ಲಿ 210 ಇನಿಂಗ್ಸ್ ದಾಟಿದ ಪಿಚರ್ ಒಬ್ಬರೂ ಇಲ್ಲ. ಮೂರನೇ ಸಲ ಅದೇ ಬ್ಯಾಟರ್ ಎದುರು ಬರುವ ಹೊತ್ತಿಗೆ ತರಬೇತುದಾರರು ಪಿಚರ್‌ನನ್ನು ಬದಲಿಸಿಬಿಡುತ್ತಾರೆ. 300 ಗೆಲುವು ಮುಟ್ಟಿದವರಲ್ಲಿ ಕೊನೆಯವರು ರ‍್ಯಾಂಡಿ ಜಾನ್ಸನ್, ಅದೂ 2009ರಲ್ಲಿ. ಈಗಿನ ಪಿಚರ್‌ಗಳಲ್ಲಿ ಗೆರಿಟ್ ಕೋಲ್ 2025ರ ಕೊನೆಗೆ 153ರಲ್ಲಿ, ಕ್ರಿಸ್ ಸೇಲ್ 145ರಲ್ಲಿ ಇದ್ದರು. ಹಳೆಯ ಸೇರಿನಲ್ಲೇ ಅಳೆಯುತ್ತಾ ಹೋದರೆ ವರ್ಲ್ಯಾಂಡರ್ ತಲೆಮಾರಿನ ನಂತರ ಆ ಗೋಡೆಗೆ ಆರಂಭಿಕ ಪಿಚರ್‌ನ ಫಲಕ ಬೀಳುವುದೇ ಅಪರೂಪವಾದೀತು. ಬಿಟ್ಟುಕೊಟ್ಟ ರನ್‌ಗಳ ವೃತ್ತಿ ಸರಾಸರಿಯಲ್ಲಿ ಡಿಗ್ರಾಮ್ (2.6ರ ಒಳಗೆ) ಕೂಫ್ಯಾಕ್ಸ್‌ಗಿಂತಲೂ (2.76) ಬಿಗಿ. ಜತೆಗೆ 37ರ ವಯಸ್ಸಿನಲ್ಲಿ, ಎರಡು ಶಸ್ತ್ರಚಿಕಿತ್ಸೆ ಕಂಡ ಕೈಯಲ್ಲಿ, 2025ರಲ್ಲಿ ಟೆಕ್ಸಸ್ ರೇಂಜರ್ಸ್ ಪರ 30 ಪಂದ್ಯ ಆರಂಭಿಸಿ 12 ಗೆದ್ದರು. ನನ್ನ ಅನುಮಾನ ಅಳಿಸಿದ್ದು ಆ ಮೂವತ್ತು ಪಂದ್ಯಗಳೇ.

ಹೀಗೆ ಬಾಗಿಲು ತೆರೆದರೆ ಜೋಹಾನ್ ಸಾಂಟಾನಾ ಅಂಥವರೂ ಬರುತ್ತಾರೆ ಎಂಬುದು ಇನ್ನೊಂದು ಹೆದರಿಕೆ. ಬರಲಿ. ಎರಡು ಸೈ ಯಂಗ್ ಗೆದ್ದ, 139 ಗೆಲುವಿನ ಸಾಂಟಾನಾಗೆ 2018ರಲ್ಲಿ ಬಿದ್ದದ್ದು ಶೇ 2.4 ಮತ. ಶೇ 5 ದಾಟದವರ ಹೆಸರು ಮರುವರ್ಷ ಪಟ್ಟಿಯಲ್ಲೇ ಇರುವುದಿಲ್ಲ. ಒಬ್ಬ ಮತದಾರ ಹತ್ತಕ್ಕಿಂತ ಹೆಚ್ಚು ಹೆಸರು ಬರೆಯುವಂತಿಲ್ಲ, ಆ ವರ್ಷದ ಪಟ್ಟಿಯಲ್ಲೋ ದಿಗ್ಗಜರ ಜಾತ್ರೆ. ನೂಕುನುಗ್ಗಲಲ್ಲಿ ಅವರು ಕಾಲಡಿಗೆ ಸಿಕ್ಕರು. ಅವರನ್ನು ಕೈಬಿಟ್ಟದ್ದೇ ತಪ್ಪಾಗಿರುವಾಗ, ಅದನ್ನೇ ಡಿಗ್ರಾಮ್ ವಿರುದ್ಧ ಪೂರ್ವನಿದರ್ಶನ ಮಾಡಿಕೊಳ್ಳುವುದು ವಿಚಿತ್ರ. ಬರಹಗಾರರೂ ಮೆಲ್ಲಗೆ ಮೆತ್ತಗಾಗುತ್ತಿದ್ದಾರೆ: 169 ಗೆಲುವಿನ ಫೆಲಿಕ್ಸ್ ಹರ್ನಾಂಡೆಜ್‌ಗೆ 2025ರ ಮೊದಲ ಯತ್ನದಲ್ಲೇ ಶೇ 20.6 ಬಿತ್ತು. ಹೆಸರು ಹತ್ತು ವರ್ಷ ಪಟ್ಟಿಯಲ್ಲಿ ಉಳಿಯಬಹುದು, ಅಂದರೆ 2034ರವರೆಗೆ. ರೇಂಜರ್ಸ್ ಜತೆಗಿನ ಐದು ವರ್ಷದ ಒಪ್ಪಂದ ಮುಗಿಯುವ 2027ಕ್ಕೆ ಡಿಗ್ರಾಮ್ ಆಟ ನಿಲ್ಲಿಸಿದರೆ 2033ರ ಮತಪತ್ರದಲ್ಲಿ ಅವರ ಹೆಸರಿರುತ್ತದೆ. ಹರ್ನಾಂಡೆಜ್ ಹೆಸರು ಆಗಲೂ ಅಲ್ಲೇ ಉಳಿದಿದ್ದರೆ, ಇಬ್ಬರನ್ನೂ ಒಂದೇ ಹಾಳೆಯಲ್ಲಿ ನೋಡಿ ಪೆನ್ನು ಹಿಡಿಯುವವರು ಯಾವ ಅಂಕಣವನ್ನು ಮೊದಲು ಓದುತ್ತಾರೆಂಬುದು ಆಗ ಗೊತ್ತಾಗುತ್ತದೆ.