ಕಾಯಿಲೆಬಿದ್ದ ಸೈನಿಕನ ಚಿತ್ರಗಳಿಂದ ಎದ್ದ ಕೋಟೆ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಅರ್ಕಾನ್ಸಾ ನದಿಯ ಬಳಿ ನಿಂತಿದೆ ಬೆಂಟ್ಸ್ ಓಲ್ಡ್ ಫೋರ್ಟ್. ಹೆಸರಿಗೆ ಕೋಟೆ, ಅಸಲಿಗೆ ವ್ಯಾಪಾರದ ಠಾಣೆ. 1833ರ ಸುಮಾರಿಗೆ ಬೆಂಟ್ ಸಹೋದರರು ಮತ್ತು ಸೆರಾನ್ ಸೇಂಟ್ ವ್ರೇನ್ ಇದನ್ನು ಹಸಿ ಇಟ್ಟಿಗೆಯಲ್ಲಿ ಕಟ್ಟಿಸಿದರು. ಆಗ ನದಿಯೇ ಗಡಿ. ಆಚೆ ದಡ ಮೆಕ್ಸಿಕೊ. ಶೈಯೆನ್, ಅರಪಾಹೊ ಮೂಲನಿವಾಸಿ ಜನ ಕಾಡೆಮ್ಮೆಯ ಚರ್ಮ ತಂದು ಬಟ್ಟೆ, ಮಣಿ, ಪಾತ್ರೆ ಒಯ್ಯುತ್ತಿದ್ದರು. 1849ರಲ್ಲಿ ಠಾಣೆ ಪಾಳುಬಿತ್ತು.

1846ರಲ್ಲಿ ಕಾಯಿಲೆಬಿದ್ದು ಇಲ್ಲೇ ಉಳಿದ ಲೆಫ್ಟಿನೆಂಟ್ ಜೇಮ್ಸ್ ಏಬರ್ಟ್, ಗೋಡೆ ಕೋಣೆಗಳ ಅಳತೆ ತೆಗೆದು ಚಿತ್ರ ಬರೆದಿಟ್ಟಿದ್ದ. ಆ ಕಾಯಿಲೆಯೇ ವರವಾಯಿತು ಎನ್ನಬೇಕು! ಆ ಚಿತ್ರಗಳು ಮತ್ತು ಉತ್ಖನನದ ಆಧಾರದಲ್ಲಿ 1976ರಲ್ಲಿ ಕೋಟೆ ಮತ್ತೆ ಎದ್ದಿತು. ಇಲ್ಲಿ ಹಳೆಯ ಉಡುಪಿನ ಸಿಬ್ಬಂದಿ ಕುಲುಮೆ ಊದಿ ಕಬ್ಬಿಣ ಬಡಿದು, ಅಂದಿನ ಬದುಕನ್ನು ಮಾಡಿ ತೋರಿಸುತ್ತಿದ್ದರು. ಮಣ್ಣಿನ ಗೋಡೆಗಳಿಗೆ ಆಗಾಗ ಹೊಸ ಗಾರೆ ಬಳಿಯುವ ಕೆಲಸ ಮಾತ್ರ ಪ್ರದರ್ಶನವಲ್ಲ. ಅದು ಅಂದಿನಂತೆ ಇಂದಿಗೂ ತಪ್ಪಿಲ್ಲ.