‘ನಂಬಿಕೆ’ ಎಂದರೇನು? — ಮಕ್ಕಳ ಪ್ರಬಂಧಕ್ಕೆ ಒಂದು ಹಾದಿ

ಹಸುವಿನ ಮೇಲೆ ಪ್ರಬಂಧ ಬರೆಯೆಂದರೆ ಮಕ್ಕಳಿಗೆ ಕಷ್ಟವಿಲ್ಲ. ನಾಲ್ಕು ಕಾಲು, ಎರಡು ಕೊಂಬು ಎಂದು ಎಣಿಸುತ್ತ ಹೋದರಾಯಿತು. ‘ನಂಬಿಕೆ’ಗೆ ಕಾಲೂ ಇಲ್ಲ, ಕೊಂಬೂ ಇಲ್ಲ. ಆದುದರಿಂದ ಹುಡುಗರು ಸಾಮಾನ್ಯವಾಗಿ ನಂಬಿಕೆ ಮನುಷ್ಯನಿಗೆ ಅತ್ಯಗತ್ಯವೆಂದು ಮೊದಲಿಡುತ್ತಾರೆ, ನಡುವೆ ಎರಡು ಗಾದೆ ಸೇರಿಸುತ್ತಾರೆ, ನಾವೆಲ್ಲರೂ ನಂಬಿಕಸ್ಥರಾಗಿ ಬಾಳೋಣವೆಂದು ಮುಗಿಸುತ್ತಾರೆ. ಇದು ಹೊಗಳಿಕೆಯೇ ಹೊರತು ವಿವರಣೆಯಲ್ಲ. ‘ನಂಬಿಕೆ’ಯನ್ನು ಅಳಿಸಿ ‘ಶುಚಿತ್ವ’ ಎಂದು ಬರೆದರೂ ಆ ಪ್ರಬಂಧ ಕದಲದೆ ನಿಂತಿರುತ್ತದೆ!

ಪರಸ್ಥಳದಲ್ಲಿರುವ ನಮಗೆ ಇದು ಬರಿಯ ಅಂಕಗಳ ಮಾತಲ್ಲ. ಹೊರನಾಡಿನ ಮನೆಗಳಲ್ಲಿ ಉಪ್ಪು, ಸಾರು, ಚಾಪೆ ಮುಂತಾದ ಮಾತುಗಳು ಹೇಗೋ ಉಳಿದುಕೊಳ್ಳುತ್ತವೆ. ಮೊದಲು ಜಾರಿಹೋಗುವುವು ಕೈಗೆ ಸಿಕ್ಕದ ಮಾತುಗಳು: ಹಂಗು, ಋಣ, ಸಂಕೋಚ, ನಂಬಿಕೆ. ಸೌಕಾರ್‌ಪೇಟೆಯ ಬೀದಿಗಿಳಿದರೆ ‘ಭರೋಸಾ’, ಶಾಲೆಗೆ ಹೋದರೆ ‘ಟ್ರಸ್ಟ್’, ನೆರೆಮನೆಯಲ್ಲಿ ತಮಿಳಿನ ‘ನಂಬಿಕ್ಕೈ’. ಮಗುವಿಗೆ ಇವೆಲ್ಲ ಒಂದೇ ಎನಿಸಿದರೆ ಆಶ್ಚರ್ಯವೇನು?

ಮೊದಲ ಕೆಲಸ, ಪದದ ನೆರೆಹೊರೆಯನ್ನು ನೋಡುವುದು. ನಿಘಂಟು ಬೇಡವೆನ್ನುವುದಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದಾಗ, ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದುದು ಮದರಾಸು ವಿಶ್ವವಿದ್ಯಾನಿಲಯವೇ. ಆದರೆ ನಿಘಂಟು ಒಂದು ಪದಕ್ಕೆ ಇನ್ನೊಂದು ಪದವನ್ನು ಕೊಡುತ್ತದೆ. ಅವುಗಳ ನಡುವಿನ ಗೆರೆಯನ್ನು ನಾವೇ ಎಳೆಯಬೇಕು. ಇದಕ್ಕೆ ಸುಲಭವಾದ ಉಪಾಯ, ಯಾವ ಪದ ಯಾವ ಕ್ರಿಯೆಯೊಡನೆ ಕೂಡುತ್ತದೆಂದು ಗಮನಿಸುವುದು. ಭರವಸೆಯನ್ನು ಕೊಡುತ್ತೇವೆ, ನಂಬಿಕೆಯನ್ನು ಇಡುತ್ತೇವೆ. ‘ಶ್ರದ್ಧೆಯಿಂದ ಓದು’ ಎನ್ನುತ್ತೇವೆ. ‘ನಂಬಿಕೆಯಿಂದ ಓದು’ ಎನ್ನುವುದಿಲ್ಲ. ಮನೆಗೆ ಬಂದವರನ್ನು ವಿಶ್ವಾಸದಿಂದ ಮಾತನಾಡಿಸುತ್ತೇವೆ. ಅಲ್ಲಿ ವಿಶ್ವಾಸವೆಂದರೆ ಪ್ರೀತಿ. ಇಷ್ಟನ್ನು ಹುಡುಗಿಯೊಬ್ಬಳು ತಾನೇ ಕಂಡುಹಿಡಿದರೆ ಪ್ರಬಂಧದ ಕಾಲುಭಾಗ ಕೈಗೆ ಬಂದಂತೆ.

ಇನ್ನು ಉದಾಹರಣೆ. ಗಾಂಧೀಜಿ, ಹರಿಶ್ಚಂದ್ರ ಎಂದು ದೂರ ಹೋಗಬೇಕಾಗಿಲ್ಲ. ನಾವಿರುವ ಪೇಟೆಯ ಹೆಸರಿನಲ್ಲಿಯೇ ಸಾಹುಕಾರನಿದ್ದಾನೆ. ಈಸ್ಟ್ ಇಂಡಿಯಾ ಕಂಪೆನಿಯ ಟಂಕಸಾಲೆಯಿಂದ ಹೆಸರು ಪಡೆದ ಮಿಂಟ್ ರಸ್ತೆಯಲ್ಲಿ ಒಡವೆಯ ಮೇಲೆ ಸಾಲ ಕೊಡುವ ಅಂಗಡಿಯನ್ನು ಮಗುವಿಗೆ ತೋರಿಸಿರಿ. ಬಳೆಯನ್ನು ತೂಗಿ, ಒರೆಗೆ ಹಚ್ಚಿ, ಪೆಟ್ಟಿಗೆಯಲ್ಲಿಟ್ಟುಕೊಂಡ ಮೇಲೆ ಹಣ. ಅಲ್ಲಿ ನಂಬಿಕೆಗೆ ಹೆಚ್ಚು ಕೆಲಸವಿಲ್ಲ. ಅಡವು ಆ ಕೆಲಸವನ್ನು ಮಾಡುತ್ತದೆ. ಗುಜರಾತಿ, ಮಾರವಾಡಿ ವರ್ತಕರ ಹಳೆಯ ಹುಂಡಿ ವ್ಯವಹಾರ ಬೇರೆ ಬಗೆಯದು. ಇಲ್ಲಿ ಹಣ ಕಟ್ಟಿ ಚೀಟಿ ಪಡೆದರೆ, ದೂರದ ಊರಿನಲ್ಲಿ ಇನ್ನೊಬ್ಬ ಸಾಹುಕಾರ ಅದನ್ನು ನೋಡಿ ಹಣ ಎಣಿಸುತ್ತಿದ್ದ. ಅದರಲ್ಲಿಯೂ ‘ಷಾಹಜೋಗ್’ ಎಂಬ ಹುಂಡಿಯ ಹಣ ತಂದವರಿಗೆಲ್ಲ ಸಿಕ್ಕುತ್ತಿರಲಿಲ್ಲ. ಪೇಟೆಯಲ್ಲಿ ಹೆಸರುಳ್ಳ ಗೌರವಸ್ಥನ ಮೂಲಕವೇ ಪಡೆಯಬೇಕು. ಅಂದರೆ ನಂಬಿಕೆ ಕಣ್ಣು ಮುಚ್ಚಿದ್ದಲ್ಲ. ಕಣ್ಣು ಮುಚ್ಚಿದ್ದಕ್ಕೆ ಕನ್ನಡದಲ್ಲಿ ಬೇರೆ ಹೆಸರೇ ಇದೆ: ಮೂಢನಂಬಿಕೆ. ಒಂದು ಕಡೆ ಅಡವು, ಇನ್ನೊಂದು ಕಡೆ ಮೌಢ್ಯ; ಇವೆರಡರ ನಡುವಿನ ಜಾಗವನ್ನು ಗುರುತಿಸಿದ ಮೇಲೆ ವಾಕ್ಯ ತಾನಾಗಿ ಬರುತ್ತದೆ: ಅಡವಿಲ್ಲದೆ, ಮೋಸ ಹೋಗಬಹುದೆಂದು ತಿಳಿದೂ, ಒಬ್ಬರ ನಡತೆಯನ್ನು ಕಂಡು ಅವರ ಮಾತಿನಂತೆ ನಡೆಯುವುದು.

ಇಲ್ಲಿಗೆ ಪ್ರಬಂಧ ಮುಗಿಯಿತೆಂದುಕೊಳ್ಳಬಾರದು. ಈ ವಾಕ್ಯವನ್ನೂ ಒರೆಗೆ ಹಚ್ಚಬೇಕು. ಗೋವಿನ ಹಾಡು ನಮ್ಮ ಮಕ್ಕಳಿಗೆಲ್ಲ ಗೊತ್ತು. ಅದನ್ನು ಸತ್ಯದ ಕಥೆಯೆನ್ನುತ್ತೇವೆ. ಪುಣ್ಯಕೋಟಿಯ ಕಡೆಯಿಂದ ಅದು ಸತ್ಯದ ಕಥೆ, ನಿಜ. ಹುಲಿಯ ಕಡೆಯಿಂದ ನೋಡಿದರೆ ನಂಬಿಕೆಯ ಕಥೆ. ಬಾಯಿಗೆ ಬಂದ ಆಹಾರವನ್ನು ಬರಿಯ ಮಾತಿನ ಮೇಲೆ ಬಿಟ್ಟುಕೊಟ್ಟಿತಲ್ಲ! ಆದರೆ ಹುಲಿ ಆ ಹಸುವಿನ ನಡತೆಯನ್ನು ಹಿಂದೆ ಕಂಡಿತ್ತೇ? ಇಲ್ಲ. ಹಾಗಾದರೆ ‘ನಡತೆಯನ್ನು ಕಂಡು’ ಎಂಬುದನ್ನು ತಿದ್ದಬೇಕು. ಇಲ್ಲವೆ ಹುಲಿ ಮಾಡಿದ್ದು ನಂಬಿಕೆಯಲ್ಲ, ದಯೆ ಎನ್ನಬೇಕು. ಯಾವುದನ್ನು ಹೇಳಿದರೂ ಸರಿ, ಕಾರಣ ಕೊಡಬೇಕು. ಈ ತಿದ್ದುಪಡಿಯೇ ಪ್ರಬಂಧದ ಜೀವವೆಂದು ನನ್ನ ಅಭಿಪ್ರಾಯ. ಅದನ್ನು ಮರೆಮಾಚದೆ ಬರೆಯಲಿ.

ಕ್ರಮದ ವಿಷಯ ಹೆಚ್ಚು ಹೇಳಬೇಕಾದುದಿಲ್ಲ. ಅಂಗಡಿಯಿಂದ ಮೊದಲಿಟ್ಟರೆ ಓದುವವರು ಜೊತೆಗೆ ಬರುತ್ತಾರೆ. ಯಾವುದು ನಂಬಿಕೆಯಲ್ಲ ಎಂಬುದಕ್ಕೆ ಧಾರಾಳವಾಗಿ ಜಾಗ ಕೊಡಲಿ. ವಿವರಣೆಯ ವಾಕ್ಯ ನಡುವೆ ಬರಲಿ, ಒರೆ ಅದರ ಬೆನ್ನಿಗೆ. ಜಾಗ ಉಳಿದರೆ ಇನ್ನೊಂದು ಪ್ರಶ್ನೆಯುಂಟು. ದೇವಸ್ಥಾನದಲ್ಲಿ ಕಾಣಿಕೆ ಹಾಕುವ ಪೆಟ್ಟಿಗೆಯನ್ನೂ ನಾವು ಹುಂಡಿಯೆಂದೇ ಕರೆಯುತ್ತೇವೆ. ಅದರೊಳಗೆ ಹಾಕಿದ ಹಣಕ್ಕೆ ಚೀಟಿಯಿಲ್ಲ, ಮುದ್ದತೂ ಇಲ್ಲ. ದೇವರ ಮೇಲಿನ ನಂಬಿಕೆ ಸಾಹುಕಾರನ ನಂಬಿಕೆಯ ಜಾತಿಯದೇ, ಬೇರೆಯೇ? ಮನೆಯಲ್ಲಿ ಅಜ್ಜಿಯಿದ್ದರೆ ಅವರನ್ನು ಕೇಳಿ ಬರೆಯಲಿ.